ಕುದುರೆ, ಮೆಣಸು, ಅಕ್ಕಿ: ಕಡಲ ಯುದ್ಧದ ಬಗೆಗಿನ ಆರು ವಾದಗಳಿಗೆ ಪ್ರತ್ಯುತ್ತರ

ಹದಿನಾರನೇ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕ್ರೈಸ್ತ ರಾಜ್ಯಗಳಿಗೂ ಆಟೋಮನ್ ತುರ್ಕರಿಗೂ ನಡೆದ ನೌಕಾಯುದ್ಧದ ಬಿಸಿ ಹೊನ್ನಾವರ, ಭಟ್ಕಳ, ಬಸರೂರು, ಉಳ್ಳಾಲಗಳಿಗೂ ತಟ್ಟಿತ್ತು. ಈ ಮಾತನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎತ್ತಿದರೆ ಆಕ್ಷೇಪಗಳು ಸಾಲುಗಟ್ಟುತ್ತವೆ. ಕೆಲವರಿಗೆ ಅದು ಎಲ್ಲೋ ದೂರದ ಜಗಳ. ಕೆಲವರಿಗೆ ಶಿಲುಬೆಗೂ ಅರ್ಧಚಂದ್ರಕ್ಕೂ ನಡೆದ ಧರ್ಮಯುದ್ಧ. ಇನ್ನು ಕೆಲವರಿಗೆ, ತೆಂಗಿನ ತೋಟದ ನಡುವೆ ಕೂತು ಕಡಲಿನ ಮಾತಾಡುವುದೇ ಕೆಲಸವಿಲ್ಲದವರ ಕೆಲಸ. ಪದೇ ಪದೇ ಕೇಳಿಬರುವ ಆರು ವಾದಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಯುದ್ಧದಲ್ಲಿ ಯಾರು ಯಾರ ಕಡೆ ಎಂಬುದನ್ನು ಕುದುರೆ, ಮೆಣಸು, ಅಕ್ಕಿ ಮತ್ತು ಸುಂಕ ತೀರ್ಮಾನಿಸಿದವು. ಆ ಲೆಕ್ಕಾಚಾರದಲ್ಲಿ ಕನ್ನಡ ನಾಡು ಪಾಲುದಾರನಾಗಿತ್ತು, ಅದರ ಬೆಲೆಯನ್ನೂ ತೆತ್ತಿತು.

ಒಂದನೇ ವಾದ: 1453ರಲ್ಲಿ ತುರ್ಕರು ದಾರಿ ಮುಚ್ಚಿದರು, ಅದಕ್ಕೇ ಪೋರ್ಚುಗೀಸರು ಬಂದರು

ಇದನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಕಾನ್‌ಸ್ಟಾಂಟಿನೋಪಲ್ ಬಿತ್ತು, ವ್ಯಾಪಾರದ ದಾರಿ ಮುಚ್ಚಿತು, ವಾಸ್ಕೋ ಡ ಗಾಮ ಹೊರಟ. ನಕ್ಷೆ ಹರಡಿಕೊಂಡು ಕೂತರೆ ಈ ಸರಪಳಿ ಕಳಚಿಕೊಳ್ಳುತ್ತದೆ. ಪಶ್ಚಿಮ ಕರಾವಳಿಯ ಮೆಣಸು ಯುರೋಪು ಮುಟ್ಟುತ್ತಿದ್ದ ಹೆದ್ದಾರಿ ಕೆಂಪು ಸಮುದ್ರದ್ದು. ಏಡನ್, ಜಿದ್ದಾ, ಕೈರೋ ದಾಟಿ ಸರಕು ಅಲೆಕ್ಸಾಂಡ್ರಿಯಾಕ್ಕೆ ಬರುತ್ತಿತ್ತು. ಅಲ್ಲಿ ವೆನಿಸ್ಸಿನ ವ್ಯಾಪಾರಿಗಳು ಕಾದಿರುತ್ತಿದ್ದರು. ಈ ದಾರಿಯ ಒಡೆಯರು ಈಜಿಪ್ಟಿನ ಮಾಮಲೂಕ್ ಸುಲ್ತಾನರು. ಆಟೋಮನ್ನರು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ. ಗಾಮ ಕಲ್ಲಿಕೋಟೆಗೆ ಬಂದು ಅಷ್ಟರಲ್ಲಿ 19 ವರ್ಷ ಕಳೆದಿತ್ತು. ತಮ್ಮ ಕೈಯಲ್ಲೇ ಇಲ್ಲದ ದಾರಿಯನ್ನು ಅವರು ಮುಚ್ಚುವುದು ಹೇಗೆ?

ನಡೆದದ್ದು ತಿರುವುಮುರುವು. ಕೆಂಪು ಸಮುದ್ರದ ದಾರಿಯನ್ನು ಕಟ್ಟಿಹಾಕಲು ಹೊರಟವರೇ ಪೋರ್ಚುಗೀಸರು. ವೆನಿಸ್ ಮತ್ತು ಮಾಮಲೂಕರ ಕೈಯಲ್ಲಿದ್ದ ಲಾಭ ತಮಗೆ ಬರಲಿ ಎಂಬುದು ಅವರ ಆಸೆ. ಈಜಿಪ್ಟನ್ನು ಹಿಡಿದ ಮೇಲೆ ಆಟೋಮನ್ನರು ಆ ದಾರಿಯನ್ನು ಉಳಿಸಿಕೊಳ್ಳಲು ಹಡಗು ಕಳಿಸಿದರು. ಹದಿನಾರನೇ ಶತಮಾನದ ನಡುವಿನ ಹೊತ್ತಿಗೆ ಮೆಣಸು ಮತ್ತೆ ಅಲೆಕ್ಸಾಂಡ್ರಿಯಾದ ಮೂಲಕ ಧಾರಾಳವಾಗಿ ಹರಿಯತೊಡಗಿತ್ತು. ದಾರಿ ಮುಚ್ಚಿದವರು ಯಾರು, ತೆರೆದವರು ಯಾರು ಎಂಬುದೇ ಅದಲುಬದಲಾಗಿರುವ ಪಾಠವನ್ನು ನಾವು ಇನ್ನೂ ಮಕ್ಕಳಿಗೆ ಒಪ್ಪಿಸುತ್ತಿದ್ದೇವೆ.

ಎರಡನೇ ವಾದ: ಅಲ್ಲಿಯ ಯುದ್ಧ ಬೇರೆ, ಇಲ್ಲಿಯದು ಬೇರೆ

ಈ ವಾದಕ್ಕೆ 1510ರ ಒಂದು ವರ್ಷವೇ ಉತ್ತರ. ಈಜಿಪ್ಟಿನಲ್ಲಿ ಹಡಗಿಗೆ ಬೇಕಾದ ಮರವಿಲ್ಲ. ಮಾಮಲೂಕರು ಪೋರ್ಚುಗೀಸರ ಮೇಲೆ ನೌಕಾಪಡೆ ಕಟ್ಟಬೇಕಾದರೆ ಅನಟೋಲಿಯಾದ ಕಡೆಯಿಂದ ಮೆಡಿಟರೇನಿಯನ್ ದಾಟಿಸಿ ಮರ ತರಬೇಕು. ನೈಲ್ ನದಿಯಲ್ಲಿ ಕೈರೋಗೆ ಸಾಗಿಸಿ, ಅಲ್ಲಿಂದ ಒಂಟೆಗಳ ಮೇಲೆ ಸೂಯೆಜ್‌ಗೆ ಹೊರಿಸಬೇಕು. ಹಾಗೆ ಕಟ್ಟಿದ ಒಂದು ಪಡೆ ಅಮೀರ್ ಹುಸೇನನ ಕೈಕೆಳಗೆ ಗುಜರಾತಿಗೆ ಬಂದಿತ್ತು. 1509ರ ಫೆಬ್ರವರಿ 3ರಂದು ದೀವ್ ಬಂದರಿನಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡಾ ಅದನ್ನು ನುಚ್ಚುನೂರು ಮಾಡಿದ. ಎರಡನೇ ಪಡೆ ಕಟ್ಟಲು ಮರ ಹೊತ್ತು ಬರುತ್ತಿದ್ದ ಹಡಗುಗಳನ್ನು 1510ರಲ್ಲಿ ರೋಡ್ಸ್ ದ್ವೀಪದ ಕ್ರೈಸ್ತ ನೈಟ್‌ಗಳು ಮೆಡಿಟರೇನಿಯನ್ನಿನ ಪೂರ್ವ ಮೂಲೆಯಲ್ಲಿ ಅಡ್ಡಗಟ್ಟಿ ನಾಶ ಮಾಡಿದರು. ಆ ದಾಳಿಯ ನಾಯಕರಲ್ಲಿ ಆಂದ್ರೆ ದೊ ಅಮರಾಲ್ ಎಂಬ ಪೋರ್ಚುಗೀಸನೂ ಇದ್ದ.

ಅದೇ 1510ರ ಆರಂಭದಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ತನ್ನ ಹಡಗುಗಳೊಂದಿಗೆ ಕೆಂಪು ಸಮುದ್ರದ ಕಡೆ ಹೊರಟಿದ್ದ. ನಮ್ಮ ಕರಾವಳಿಯಲ್ಲಿ ಅವನನ್ನು ಕಂಡವನು ಹೊನ್ನಾವರದ ಕಡಲಾಳು, ಪೋರ್ಚುಗೀಸ್ ದಾಖಲೆಗಳ ತಿಮ್ಮೋಜ. ದೀವ್‌ನಲ್ಲಿ ಸೋತು ಉಳಿದ ರೂಮಿಗಳು, ಅಂದರೆ ತುರ್ಕಿ ಕಡೆಯ ಯೋಧರು, ಗೋವೆಯಲ್ಲಿ ಸೇರಿದ್ದಾರೆ, ಹಡಗು ಕಟ್ಟುತ್ತಿದ್ದಾರೆ, ಬಿಜಾಪುರದ ಯೂಸುಫ್ ಆದಿಲ್ ಶಾಹ ತೀರಿಕೊಂಡಿದ್ದಾನೆ, ಅಷ್ಟು ದೂರ ಯಾಕೆ ಹೋಗುತ್ತೀರಿ ಎಂದು ಅವನು ಸೂಚಿಸಿದ. ಅಲ್ಬುಕರ್ಕ್ ಹಡಗಿನ ಮೂತಿ ತಿರುಗಿಸಿದ. ಗೋವೆ ಮೊದಲು ಸುಲಭವಾಗಿ ಸಿಕ್ಕಿತು, ಮೇ ತಿಂಗಳಲ್ಲಿ ಕೈತಪ್ಪಿತು, ನವೆಂಬರ್ 25ರಂದು ಮತ್ತೆ ಅವನ ವಶವಾಯಿತು. ಒಂದು ತುದಿಯಲ್ಲಿ ಮರದ ಹಡಗು ಸುಟ್ಟು ಇನ್ನೊಂದು ತುದಿಯಲ್ಲಿ ಗೋವೆ ಬಿದ್ದ ಈ ವರ್ಷವನ್ನು ಎರಡು ಯುದ್ಧಗಳಾಗಿ ಸೀಳಿ ಓದಲು ಬರುವುದಿಲ್ಲ.

ಮುಂದೆಯೂ ಹೀಗೆಯೇ. 1538ರ ಸೆಪ್ಟೆಂಬರ್ 28ರಂದು ಗ್ರೀಸಿನ ಪ್ರೆವೆಜಾ ಬಳಿ ಆಟೋಮನ್ ಸುಲ್ತಾನನ ನೌಕಾನಾಯಕ ಹೈರುದ್ದೀನ್ ಬಾರ್ಬರೋಸಾ ಕ್ರೈಸ್ತ ಒಕ್ಕೂಟದ ಪಡೆಯನ್ನು ಸೋಲಿಸಿದಾಗ, ಅದೇ ಸುಲ್ತಾನನ ಇನ್ನೊಂದು ಪಡೆ ಸುಲೈಮಾನ್ ಪಾಷಾನ ನಾಯಕತ್ವದಲ್ಲಿ ದೀವ್ ಕೋಟೆಯನ್ನು ಮುತ್ತಿತ್ತು. 1570ರಲ್ಲಿ ಆಟೋಮನ್ನರು ವೆನಿಸ್ಸಿನ ಸೈಪ್ರಸ್ ಮೇಲೆ ಏರಿಹೋದರು. ಅದೇ ವರ್ಷದ ಕೊನೆಗೆ ಬಿಜಾಪುರದ ಅಲಿ ಆದಿಲ್ ಶಾಹ ಗೋವೆಗೆ ಮುತ್ತಿಗೆ ಹಾಕಿದ. 1571ರ ಅಕ್ಟೋಬರ್ 7ರಂದು ಲೆಪಾಂಟೊದಲ್ಲಿ ಎರಡೂ ಕಡೆ ಇನ್ನೂರಕ್ಕೂ ಮಿಕ್ಕಿ ಹುಟ್ಟುಹಡಗುಗಳು ಡಿಕ್ಕಿ ಹೊಡೆದಾಗ ಗೋವೆಯ ಮುತ್ತಿಗೆ ಇನ್ನೂ ಪೂರ್ತಿ ತೆರವಾಗಿರಲಿಲ್ಲ. ಎರಡೂ ಒಂದೇ ತಲೆಯ ಯೋಜನೆ ಎಂದು ನಾನು ಹೇಳುತ್ತಿಲ್ಲ. ಆದರೆ ಮೆಡಿಟರೇನಿಯನ್ನಿನಲ್ಲಿ ಸಿಕ್ಕಿಬಿದ್ದ ಆಟೋಮನ್ ನೌಕಾಪಡೆ ಗೋವೆಯ ನೀರಿಗೆ ಬರಲಿಲ್ಲ. ಆ ಬಾರದಿರುವಿಕೆಯೂ ಇಲ್ಲಿಯ ಫಲಿತಾಂಶದ ಒಂದು ಭಾಗ.

ಮೂರನೇ ವಾದ: ಏನೇ ಹೇಳಿ, ಅದು ಧರ್ಮಯುದ್ಧ

ವಿರೋಧಿಗಳ ಕೈಯಲ್ಲಿರುವ ಗಟ್ಟಿ ವಾದ ಇದೇ. ಇದರಲ್ಲಿ ಹುರುಳಿರುವಷ್ಟನ್ನು ಒಪ್ಪಿಕೊಳ್ಳಲೇಬೇಕು. 1510ರ ನವೆಂಬರಿನಲ್ಲಿ ಗೋವೆ ಹಿಡಿದ ಮೇಲೆ ಅಲ್ಬುಕರ್ಕ್ ನಗರದ ಮುಸ್ಲಿಮರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ; ಹಾಗೆಂದು ತನ್ನ ದೊರೆಗೆ ತಾನೇ ಬರೆದ. 1560ರಲ್ಲಿ ಗೋವೆಗೆ ಇನ್‌ಕ್ವಿಸಿಷನ್ ಎಂಬ ಕ್ರೈಸ್ತ ಧರ್ಮನ್ಯಾಯಾಲಯ ಬಂತು. ಅತ್ತ ಆಟೋಮನ್ ಸುಲ್ತಾನರು ಹಜ್ ಯಾತ್ರೆಯ ದಾರಿ ಕಾಯುವುದನ್ನು ತಮ್ಮ ಧರ್ಮವೆಂದೇ ಸಾರಿದರು. ಯುದ್ಧದ ಕ್ರೌರ್ಯಕ್ಕೂ ಭಾಷಣಕ್ಕೂ ಧರ್ಮ ಬೇಕಾದಷ್ಟು ಒದಗಿತು.

ಆದರೆ ಯಾರು ಯಾರ ಜೊತೆ ನಿಂತರು ಎಂಬುದನ್ನು ಧರ್ಮದಿಂದ ವಿವರಿಸಲು ಹೊರಟರೆ ಹೆಜ್ಜೆಹೆಜ್ಜೆಗೂ ಎಡವಬೇಕಾಗುತ್ತದೆ. ಮೊದಲು ಅಲ್ಲಿಯ ಕತೆ ನೋಡಿ. 1543ರಲ್ಲಿ ಕ್ರೈಸ್ತ ಫ್ರಾನ್ಸ್ ಮತ್ತು ಬಾರ್ಬರೋಸಾ ಜೊತೆಗೂಡಿ ನೀಸ್ ನಗರವನ್ನು ಮುತ್ತಿದರು. ಆ ಚಳಿಗಾಲವನ್ನು ಆಟೋಮನ್ ಪಡೆ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ, ಫ್ರಾನ್ಸಿನ ದೊರೆಯ ಅತಿಥಿಯಾಗಿ ಕಳೆಯಿತು. ಲೆಪಾಂಟೊದಲ್ಲಿ ಆಟೋಮನ್ ಪಡೆಯ ಒಂದು ಪಾರ್ಶ್ವವನ್ನು ಬದುಕಿಸಿ ತಂದ ಉಲೂಜ್ ಅಲಿ ಇಟಲಿಯ ಕಲಾಬ್ರಿಯಾದಲ್ಲಿ ಕ್ರೈಸ್ತನಾಗಿ ಹುಟ್ಟಿದವನು. ಅಲ್ಲಿ ಗೆದ್ದ ಕ್ರೈಸ್ತ ಒಕ್ಕೂಟದ ದೊಡ್ಡ ಪಾಲುದಾರ ವೆನಿಸ್ ಎರಡು ವರ್ಷ ತುಂಬುವ ಮೊದಲೇ, 1573ರ ಮಾರ್ಚಿನಲ್ಲಿ, ಮಿತ್ರರನ್ನು ಬಿಟ್ಟು ಸುಲ್ತಾನನ ಜೊತೆ ಒಪ್ಪಂದ ಮಾಡಿಕೊಂಡಿತು, ಸೈಪ್ರಸ್ಸನ್ನೂ ಬಿಟ್ಟುಕೊಟ್ಟಿತು. ಅದಕ್ಕೆ ಬೇಕಾಗಿದ್ದದ್ದು ಅಲೆಕ್ಸಾಂಡ್ರಿಯಾದ ಮೆಣಸು.

ಈಗ ಇಲ್ಲಿಯ ಕತೆ. 1538ರಲ್ಲಿ ದೀವ್‌ಗೆ ಬರುವ ದಾರಿಯಲ್ಲಿ ಸುಲೈಮಾನ್ ಪಾಷಾ ಏಡನ್ನಿನ ಮುಸ್ಲಿಂ ದೊರೆಯನ್ನು ಹಡಗಿಗೆ ಕರೆಸಿಕೊಂಡು ನೇಣಿಗೆ ಹಾಕಿಸಿದ. ಆ ಸುದ್ದಿ ಗುಜರಾತಿಗೆ ಮುಟ್ಟಿದ ಮೇಲೆ ಅಲ್ಲಿಯ ಮುಸ್ಲಿಂ ದರ್ಬಾರು ಈ ಅತಿಥಿಯನ್ನು ನಂಬಲಿಲ್ಲ. ಸರಬರಾಜು ನಿಂತಿತು, ಮುತ್ತಿಗೆ ಮುರಿಯಿತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆ ಕ್ರಿಸ್ತೋವಾವ್ ಡಿ ಫಿಗೆರೆದೊನ ಪೋರ್ಚುಗೀಸ್ ಬಂದೂಕುಗಾರರಿದ್ದರು. ಬಿಜಾಪುರದ ಕಡೆಯೂ ಪೋರ್ಚುಗೀಸರಿದ್ದರು. ಸಂಬಳಕ್ಕಾಗಿ ಪಕ್ಷ ಬದಲಿಸಿದವರು.

1547ರ ಸೆಪ್ಟೆಂಬರಿನಲ್ಲಿ ಸದಾಶಿವರಾಯನ ಹೆಸರಿನಲ್ಲಿ ವಿಜಯನಗರ ಗೋವೆಯ ಗವರ್ನರ್ ಜೊವಾವ್ ಡಿ ಕಾಸ್ತ್ರೊ ಜೊತೆ ಮಾಡಿಕೊಂಡ ಒಪ್ಪಂದವಂತೂ ಕಣ್ಣು ತೆರೆಸುವಂಥದು. ಗೋವೆಗೆ ಬಂದಿಳಿಯುವ ಕುದುರೆಗಳು ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಮಾರಕೂಡದು. ಪ್ರತಿಯಾಗಿ ವಿಜಯನಗರದ ಪೆಟ್ಲುಪ್ಪು, ಕಬ್ಬಿಣ ಅಂಕೋಲಾ, ಹೊನ್ನಾವರಗಳಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿಗಳಿಗೆ ಸಿಗಬೇಕು. ಪೆಟ್ಲುಪ್ಪು ಎಂದರೆ ಮದ್ದಿನ ಪುಡಿಯ ಜೀವಾಳ. ಕನ್ನಡ ನಾಡಿನಿಂದ ಹೋದ ಪೆಟ್ಲುಪ್ಪು ಪೋರ್ಚುಗೀಸ್ ತೋಪುಗಳನ್ನು ತುಂಬಿಸುವ ಏರ್ಪಾಟು ಇದು. ಇದರಲ್ಲಿ ಶಿಲುಬೆ ಎಲ್ಲಿ, ಅರ್ಧಚಂದ್ರ ಎಲ್ಲಿ?

1565ರ ಜನವರಿಯಲ್ಲಿ ತಾಳಿಕೋಟೆಯ ಸೋಲಿನಿಂದ ವಿಜಯನಗರದ ನೆರಳು ಕರಾವಳಿಯಿಂದ ಸರಿಯಿತು. ಗೋವೆಯ ಕುದುರೆ ವ್ಯಾಪಾರಕ್ಕೆ ದೊಡ್ಡ ಗಿರಾಕಿಯೇ ಇಲ್ಲವಾಯಿತು, ಸುಂಕ ಇಳಿಯಿತು. ಹಳೆಯ ಮಿತ್ರನ ಬಂದರುಗಳ ಮೇಲೆ ಪೋರ್ಚುಗೀಸರು ಕೈ ಹಾಕಿದರು: 1568ರಲ್ಲಿ ಮಂಗಳೂರಿನಲ್ಲಿ ಕೋಟೆ, 1569ರಲ್ಲಿ ವೈಸರಾಯ್ ಲುಯಿಸ್ ಡಿ ಅತಾಯಿದೆಯಿಂದ ಹೊನ್ನಾವರ ಮತ್ತು ಬಸರೂರುಗಳ ಆಕ್ರಮಣ. ಇದಕ್ಕೆ ಎದುರು ನಿಂತವರ ಪಟ್ಟಿ ನೋಡಿ. ಬಿಜಾಪುರದ ಸುಲ್ತಾನ, ಅಹಮದ್‌ನಗರದ ಸುಲ್ತಾನ, ಕಲ್ಲಿಕೋಟೆಯ ಹಿಂದೂ ಸಾಮೂದಿರಿ, ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ, ಉಳ್ಳಾಲದ ಚೌಟ ವಂಶದ ಅಬ್ಬಕ್ಕ. ಅಬ್ಬಕ್ಕನನ್ನು ಇವತ್ತು ಒಂದೊಂದು ಪಕ್ಷ ತನ್ನ ಬಾವುಟದ ಕೆಳಗೆ ನಿಲ್ಲಿಸಿಕೊಳ್ಳಲು ನೋಡುತ್ತದೆ. ಆಕೆಯ ಜಗಳ ಕಪ್ಪಕಾಣಿಕೆಯ ಮೇಲೆ, ತನ್ನ ಬಂದರಿನಿಂದ ಹಡಗು ಕಳಿಸುವ ಹಕ್ಕಿನ ಮೇಲೆ. ಪೋರ್ಚುಗೀಸರ ಪರವಾನಗಿ ಚೀಟಿಯಿಲ್ಲದೆ ಹೊರಟ ಹಡಗು ಯಾರದೇ ಆಗಿರಲಿ, ಅದನ್ನು ಅವರು ಹಿಡಿಯುತ್ತಿದ್ದರು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಈ ಕರಾವಳಿಗೆ ಬಂದ. ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಪರ್ಷಿಯಾಗಳನ್ನು ಕಂಡುಬಂದ ಈ ರೋಮನ್ ಕ್ಯಾಥೊಲಿಕ್ ಪ್ರವಾಸಿ ಅಂದಿನ ಉಳ್ಳಾಲದ ರಾಣಿಯನ್ನು ಭೇಟಿಯಾದಾಗ ಆಕೆ ಬರಿಗಾಲಿನಲ್ಲಿ ನಿಂತು ಕಾಲುವೆ ತೋಡಿಸುತ್ತಿದ್ದಳು. ಆಕೆಗೂ ಬಂಗ ಅರಸನಿಗೂ ನಡೆದ ಜಗಳದಲ್ಲಿ ಬಂಗನ ಬೆನ್ನಿಗೆ ಪೋರ್ಚುಗೀಸರು, ಆಕೆಯ ಬೆನ್ನಿಗೆ ಇಕ್ಕೇರಿಯ ವೀರಶೈವ ದೊರೆ ವೆಂಕಟಪ್ಪ ನಾಯಕ. ಬಂಗನೂ ಜೈನ, ಆಕೆಯೂ ಜೈನಳು. ಧರ್ಮದ ಸೂತ್ರದಿಂದ ಈ ಗಂಟು ಬಿಡಿಸಿ ತೋರಿಸಲಿ.

ನಾಲ್ಕನೇ ವಾದ: ಕನ್ನಡದ ಅರಸರು ಕಡಲಿಗೆ ಬೆನ್ನು ಹಾಕಿ ಕೂತಿದ್ದರು

ಇದು ಅರ್ಧ ನಿಜ. ವಿಜಯನಗರ ದೊಡ್ಡ ಯುದ್ಧನೌಕಾಪಡೆಯನ್ನು ಕಟ್ಟಲಿಲ್ಲ, ಕಡಲ ಕೆಲಸವನ್ನು ಬಂದರುಗಳ ಸಾಮಂತರಿಗೂ ವ್ಯಾಪಾರಿಗಳಿಗೂ ಬಿಟ್ಟಿತು. ಆದರೆ ಬೆನ್ನು ಹಾಕಿತ್ತು ಎನ್ನುವುದು ಬೇರೆ ಮಾತು. ಪುಲಕೇಶಿಯ ಹಡಗುಗಳು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನು 634ರ ಐಹೊಳೆ ಶಾಸನ ಹೊಗಳುತ್ತದೆ. ಗೋವೆಯ ಕದಂಬರ ಬಲವೇ ಹಡಗು. ವಿಜಯನಗರದ ಮೊದಲ ಅರಸರ ಬಿರುದುಗಳಲ್ಲೇ ಪೂರ್ವ ಪಶ್ಚಿಮ ಸಮುದ್ರಗಳಿವೆ. ಬಂದರುಗಳನ್ನು ಬೆಳೆಸಬೇಕು, ಕುದುರೆ, ಆನೆ ತರುವ ಹೊರನಾಡಿನ ವರ್ತಕರನ್ನು ಆದರಿಸಿ ಉಳಿಸಿಕೊಳ್ಳಬೇಕು, ಆ ಸರಕು ಶತ್ರುವಿನ ಕೈಸೇರದಂತೆ ನೋಡಿಕೊಳ್ಳಬೇಕು ಎಂಬ ರಾಜನೀತಿಯನ್ನು ಕೃಷ್ಣದೇವರಾಯ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲೇ ಬರೆದಿಟ್ಟ.

1786ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಉತ್ತರ ಕನ್ನಡದ ತದಡಿಯಿಂದ ಹಡಗು ಹತ್ತಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದರು. ಆಟೋಮನ್ನರ ಬಸ್ರಾ ಬಂದರು ನಮಗೆ, ನಮ್ಮ ಮಂಗಳೂರು ನಿಮಗೆ ಎಂಬ ಪ್ರಸ್ತಾಪವೂ ಅವರ ಚೀಲದಲ್ಲಿತ್ತು. ಸುಲ್ತಾನ ಅಬ್ದುಲ್ ಹಮೀದ್ ಒಪ್ಪಲಿಲ್ಲ. ರಷ್ಯಾದ ಜೊತೆ ಯುದ್ಧ ಹೊತ್ತಿಕೊಂಡಿತ್ತು, ಇಂಗ್ಲಿಷರನ್ನು ಎದುರು ಹಾಕಿಕೊಳ್ಳುವ ಮನಸ್ಸು ಅವನಿಗಿರಲಿಲ್ಲ. ಮೂರನೇ ವಾದ ಎತ್ತುವವರು ಈ ಘಟನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ನಮ್ಮ ಅರಸರ ಮೇಲೆ ಹೊರಿಸಬಹುದಾದ ನಿಜವಾದ ತಪ್ಪು ಬೇರೆಯೇ ಇದೆ: ಸೈನ್ಯದ ಪ್ರಾಣವಾದ ಕುದುರೆ ಬರುವ ಕಡಲದಾರಿಯ ಕೀಲಿಯನ್ನು ಅವರು ಮಾರುವವನ ಕೈಯಲ್ಲೇ ಬಿಟ್ಟರು.

ಐದನೇ ವಾದ: ಯುರೋಪಿನ ತೋಪಿನ ಮುಂದೆ ಯಾರೂ ನಿಲ್ಲುವಂತಿರಲಿಲ್ಲ

ತೆರೆದ ನೀರಿನಲ್ಲಿ, ಹೌದು. ದೀವ್‌ನಲ್ಲಿ 1509ರಲ್ಲಿ ಗೆದ್ದದ್ದು ಹಡಗಿನ ಮೇಲಿನ ತೋಪೇ. ಅಷ್ಟಕ್ಕೇ ಎಲ್ಲ ಮುಗಿಯುವುದಿಲ್ಲ. 1513ರಲ್ಲಿ ಅಲ್ಬುಕರ್ಕ್ ಏಡನ್ ಗೋಡೆ ಹತ್ತಲಾರದೆ ಮರಳಿದ. 1541ರಲ್ಲಿ ಸೂಯೆಜ್‌ವರೆಗೂ ಹೋದ ಪೋರ್ಚುಗೀಸ್ ಪಡೆ ಆಟೋಮನ್ ಹಡಗುಗಳನ್ನು ಸುಡಲಾರದೆ ವಾಪಸಾಯಿತು. ಶರಾವತಿ, ನೇತ್ರಾವತಿಗಳ ಅಳಿವೆಯ ಮರಳುದಿಬ್ಬ ದಾಟಲು ದೊಡ್ಡ ಹಡಗಿಗೆ ಆಗದು. ಅಲ್ಲಿ ಹುಟ್ಟು ಹಾಕುವ ಹಗುರ ಪಡಾವಿನದೇ ದರ್ಬಾರು. ಪೋರ್ಚುಗೀಸರೂ ಕೊನೆಗೆ ಮೆಡಿಟರೇನಿಯನ್ ಮಾದರಿಯ ಹುಟ್ಟುಹಡಗುಗಳನ್ನೇ ಈ ಕರಾವಳಿಯಲ್ಲಿ ಓಡಿಸಬೇಕಾಯಿತು. ಇನ್ನು ಮಳೆಗಾಲ. 1510ರಲ್ಲಿ ಗೋವೆ ಕೈತಪ್ಪಿದಾಗ ಅಲ್ಬುಕರ್ಕ್ ಮಾಂಡೋವಿ ನದಿಯಲ್ಲೇ ಸಿಕ್ಕಿಹಾಕಿಕೊಂಡು, ಕಡಲಿಗೆ ಇಳಿಯಲಾಗದೆ, ಹಸಿವಿನಲ್ಲಿ ಆಗಸ್ಟ್‌ವರೆಗೆ ಕಾದ.

ಹಸಿವು ಎಂದೆ. ಗೋವೆಯ ಹೊಟ್ಟೆ ತುಂಬುತ್ತಿದ್ದದ್ದು ಬಸರೂರು, ಮಂಗಳೂರುಗಳ ಅಕ್ಕಿಯಿಂದ. 1502ರಷ್ಟು ಹಿಂದೆಯೇ ಗಾಮ ಭಟ್ಕಳದ ಮೇಲೆ ಹೇರಿದ ಕಪ್ಪ ಅಕ್ಕಿಯ ರೂಪದ್ದು. ಕಪ್ಪ ನಿಂತಿತೆಂದು 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೊನ್ಸೊ ಡಿ ಸೋಜಾ ಆ ಊರನ್ನೇ ಸುಟ್ಟ. ಅಕ್ಕಿ ಬೆಳೆಯುವ ಬಯಲು ಮತ್ತು ಮೆಣಸು ಬೆಳೆಯುವ ಘಟ್ಟ ಎರಡೂ ಕೆಳದಿಯ, ಅಂದರೆ ಇಕ್ಕೇರಿಯ, ನಾಯಕರ ಕೈಗೆ ಬಂದ ಮೇಲೆ ತಕ್ಕಡಿ ವಾಲಿತು. 1650ರ ದಶಕದಲ್ಲಿ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಅದಕ್ಕೆ ಲೆಪಾಂಟೊದಂಥ ಮಹಾಸಮರ ಬೇಕಾಗಲಿಲ್ಲ.

ಆರನೇ ವಾದ: ಬಯಲುಸೀಮೆಯ ತೆಂಗಿನ ನಾಡಿಗೆ ಇದರ ಗೊಡವೆ ಏನು?

ನಮ್ಮವರಲ್ಲಿ ಕೆಲವರು ಈ ವಾದಕ್ಕೆ ಉತ್ಸಾಹದಿಂದ ತಪ್ಪು ಉತ್ತರ ಕೊಡುತ್ತಾರೆ: ಅರಬ್ಬೀ ಸಮುದ್ರದ ಹಡಗುಗಳ ಹಲಗೆ ಹೊಲಿದದ್ದು ತೆಂಗಿನ ನಾರಿನ ಹುರಿಯಲ್ಲಿ, ಆದ್ದರಿಂದ ನಾವೂ ಇದ್ದೆವು ಎಂದು. ಆ ಹಡಗುಗಳನ್ನು ನಾರಿನಿಂದ ಹೊಲಿಯುತ್ತಿದ್ದದ್ದು ನಿಜ. ಆದರೆ ಆ ನಾರಿಗೆ ಹೆಸರಾದ ಊರುಗಳು ಮಾಲ್ಡೀವ್ಸ್, ಲಕ್ಷದ್ವೀಪ, ಮಲಬಾರ್. ಅದನ್ನು ತಿಪಟೂರಿನ ಖಾತೆಗೆ ಬರೆದುಕೊಳ್ಳುವುದು ಬೇಡ.

ನಮ್ಮ ಸಂಬಂಧ ಕುದುರೆಯದು. ವಿಜಯನಗರ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿತ್ತು ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆಯುತ್ತಾನೆ. ಅವನ ಪ್ರಕಾರ ವಿಜಯನಗರದ ಅರಸ ಸಾಳುವ ನರಸಿಂಹ ಕಡಲಲ್ಲಿ ಸತ್ತ ಕುದುರೆಗೂ ಬಾಲ ತಂದು ತೋರಿಸಿದರೆ ಪೂರ್ತಿ ಬೆಲೆ ಕೊಡುತ್ತಿದ್ದ. ಆ ಹಣ ಬರುತ್ತಿದ್ದದ್ದು ಎಲ್ಲಿಂದ? ಒಳನಾಡಿನ ಕೆರೆ ಕೆಳಗಿನ ಗದ್ದೆಯಿಂದ, ತೋಟದಿಂದ, ಸಂತೆಯ ಸುಂಕದಿಂದ. ನಾಯಕನಿಗೆ ಸೀಮೆ ಸಿಕ್ಕರೆ ಇಷ್ಟು ಕುದುರೆ, ಇಷ್ಟು ಕಾಲಾಳು ಸಾಕಬೇಕೆಂಬ ಕಟ್ಟಳೆ ಜೊತೆಯಲ್ಲೇ ಬರುತ್ತಿತ್ತು. ಚಿಕ್ಕನಾಯಕನಹಳ್ಳಿಗೆ ಹೆಸರು ಕೊಟ್ಟ ಹಾಗಲವಾಡಿ ಪಾಳೆಯಗಾರರು ತಲೆಯೆತ್ತಿದ ಲೋಕ ಇದೇ. ಹೋರ್ಮುಜ್‌ನಲ್ಲಿ ಪೋರ್ಚುಗೀಸರು ಹಿಡಿತ ಬಿಗಿದರೆ ಒಳನಾಡಿನ ತೆರಿಗೆಯ ಭಾರ ಬದಲಾಗಲೇಬೇಕು. ತಾಳಿಕೋಟೆಯಲ್ಲಿ ವಿಜಯನಗರ ಸೋತು ಬಿಜಾಪುರ ಬಲಿತ ಮೇಲೆ, 1638ರ ಹೊತ್ತಿಗೆ ಪಕ್ಕದ ಶಿರಾ ಮತ್ತು ಬೆಂಗಳೂರು ಬಿಜಾಪುರದ ಕೈಸೇರಿದವು. ಗೋವೆಯನ್ನು ಮುತ್ತಿದ ಅದೇ ರಾಜ್ಯದ ದಂಡು ನಮ್ಮ ಹೊಲಗಳ ಬದಿಯಲ್ಲೇ ಹಾದುಹೋಯಿತು.

ದೂರದ ಪೇಟೆ ಊರಿನ ಬದುಕನ್ನು ಹೇಗೆ ಆಳುತ್ತದೆಂದು ತಿಪಟೂರಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯನ್ನು ಕೊಳ್ಳುವವನು ಉತ್ತರ ಭಾರತದಲ್ಲಿದ್ದಾನೆ. ಅಲ್ಲಿ ಬೇಡಿಕೆ ಬಿದ್ದ ವಾರ ಇಲ್ಲಿಯ ಎಪಿಎಂಸಿ ಹರಾಜಿನಲ್ಲಿ ಕ್ವಿಂಟಲ್ ಬೆಲೆ ಕುಸಿಯುತ್ತದೆ. ಆ ಪೇಟೆಯನ್ನು ಕಣ್ಣಾರೆ ಕಾಣದ ರೈತ ಅದಕ್ಕೂ ತನಗೂ ಸಂಬಂಧವಿಲ್ಲ ಎನ್ನುವುದಿಲ್ಲ.

ಇದಕ್ಕೆ ಮರುತ್ತರ ಬರೆಯುವವರು ಬರೆಯಲಿ. ಆದರೆ ಎಲ್ಲವೂ ಧರ್ಮಯುದ್ಧ ಎನ್ನುವವರು 1547ರ ಕುದುರೆ–ಪೆಟ್ಲುಪ್ಪಿನ ಒಪ್ಪಂದವನ್ನು ಧರ್ಮದಿಂದ ವಿವರಿಸಬೇಕು. ನಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರು ಆ ಕುದುರೆಗಳಿಗೆ ದುಡ್ಡು ಕೊಟ್ಟವರು ಯಾರೆಂದು ಹೇಳಬೇಕು. ಶಾಲೆಯ ಪುಸ್ತಕ ಬರೆಯುವವರಿಗೂ ಒಂದು ಮಾತು: 1453ರ ಪಕ್ಕದಲ್ಲಿ 1510, 1547, 1571 ಎಂಬ ಮೂರು ಇಸವಿಗಳನ್ನು ಬರೆಯಿರಿ, ಪ್ರತಿಯೊಂದರ ಎದುರಿಗೆ ಹೊನ್ನಾವರ, ಅಂಕೋಲಾ, ಗೋವೆಗಳ ಹೆಸರು ಹಾಕಿ. ಉಳಿದ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ.